ಕೈಯಿಲ್ಲದ ಮೀನಿಗೆ ಸಿಕ್ಕ ಅಳತೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಕಲ್ಲುಗಳು ಮೆತ್ತಗಿದ್ದವು. ಯಾವ ಕಡೆ ಹರಿಯಬೇಕೆಂದು ಕಾವೇರಿಗೇ ಸರಿಯಾಗಿ ಗೊತ್ತಿರಲಿಲ್ಲ. ಹುಟ್ಟಿದ ಜೀವಗಳೆಲ್ಲ ಸುಮ್ಮನೆ ಬೆಳೆಯುತ್ತಲೇ ಇದ್ದವು. ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ.

ಹೇಳುವ ಕೆಲಸ ದೊಡ್ಡತಾಯಮ್ಮ ಎಂಬ ಮುದುಕಿಯ ಪಾಲಿಗೆ ಬಂತು. ಅವಳು ಹೊಳೆದಂಡೆಯ ಬಂಡೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಳು. ಜೀವಗಳೆಲ್ಲ ಸಾಲಾಗಿ ಬಂದವು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ ಎಂದು ಎಲ್ಲರಿಗೂ ತೋರಿಸಿದಳು.

"ನಿನ್ನ ಕೈಲಿ ಮೂರೂವರೆ ಮೊಳ. ಅಲ್ಲಿಗೆ ನಿಂತ್ಕೊ" ಎಂದು ಒಬ್ಬೊಬ್ಬರಿಗೂ ಹೇಳಿದಳು.

ಮನುಷ್ಯ ತನ್ನ ಕೈಯಲ್ಲಿ ಅಳೆದುಕೊಂಡು ಅಲ್ಲಿಗೆ ನಿಂತ. ಕೋತಿ ನಿಂತಿತು. ಹಕ್ಕಿ ರೆಕ್ಕೆಯನ್ನೇ ಕೈ ಎಂದುಕೊಂಡು ನಿಂತಿತು. ಆನೆ ಸೊಂಡಿಲಿನಲ್ಲಿ ಅಳೆದುಕೊಂಡಿತು. ಅದು ತಪ್ಪು ಎಂದು ಆನೆಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ, ನನಗೂ ಬರುತ್ತಿರಲಿಲ್ಲ.

ಬಿಸಿಲು ಏರಿತು. ದೊಡ್ಡತಾಯಮ್ಮ ತಲೆ ಎತ್ತಿ ಮುಖ ನೋಡುವುದನ್ನೇ ಬಿಟ್ಟಳು. ನೀರಿನಿಂದ ಬಿಳಿಮೀನು ಬಾಯಿ ಮೇಲೆತ್ತಿದಾಗಲೂ ಅದೇ ಮಾತು ಬಂತು. ನಿನ್ನ ಕೈಲಿ ಮೂರೂವರೆ ಮೊಳ, ಅಲ್ಲಿಗೆ ನಿಂತ್ಕೊ.

ಮೀನು ಖುಷಿಯಾಗಿ ಹೋಯಿತು. ಆಮೇಲೆ ಕೈ ಹುಡುಕಿತು. ಒಂದು ಮಳೆಗಾಲ ಹುಡುಕಿತು, ಎರಡು ಮಳೆಗಾಲ ಹುಡುಕಿತು. ಹುಡುಕುತ್ತಲೇ ಬೆಳೆಯಿತು. ಗೇಣುದ್ದವಿದ್ದದ್ದು ಆಳುದ್ದವಾಯಿತು. ಬಿಸಿಲೆಲ್ಲ ಇದರ ಬೆನ್ನ ಮೇಲೇ ಬೀಳುತ್ತದೆ, ನಮಗೆ ಉಳಿಯುವುದು ನೆರಳು ಮಾತ್ರ ಎಂದು ಸಣ್ಣ ಮೀನುಗಳು ಗೊಣಗಿದವು.

ಬೇಸಿಗೆ ಬಂತು. ಮೀನಿನ ಹೊಟ್ಟೆ ಕಲ್ಲಿಗೆ ಉಜ್ಜತೊಡಗಿತು. ಇನ್ನೊಂದು ಗೇಣು ಬೆಳೆದರೆ ಬಂಡೆಗಳ ನಡುವೆ ಸಿಕ್ಕಿಕೊಂಡು ಸಾಯುವುದೇ ಸೈ. ಅದಕ್ಕೆ ತುಂಬ ಭಯವಾಯಿತು. ತೆವಳಿಕೊಂಡು ಮುದುಕಿಯ ಬಳಿ ಬಂತು.

"ಅವ್ವಾ, ನಂಗೆ ಕೈಯೇ ಇಲ್ಲ. ಎಲ್ಲಿ ನಿಲ್ಲಲಿ?"

ದೊಡ್ಡತಾಯಮ್ಮ ಆಗ ಅದರ ಮುಖ ನೋಡಿದಳು. ಮೈಯೆಲ್ಲ ನೋಡಿದಳು. ನಾಚಿಕೆಯಿಂದ ಬಾಯಲ್ಲಿದ್ದ ಎಲೆ ಉಗಿದಳು. ಕೊಟ್ಟ ಅಳತೆಯನ್ನು ವಾಪಸು ಪಡೆಯುವ ಹಾಗಿರಲಿಲ್ಲ, ಪಡೆದರೆ ನಾಳೆ ಎಲ್ಲರೂ ಬಂದು ಸಾಲು ನಿಲ್ಲುತ್ತಾರೆ. ನನ್ನ ಕೈಯನ್ನೇ ಕೊಡುತ್ತೇನೆ ಎಂದು ತೋಳನ್ನು ನೀರಿಗೆ ಇಳಿಬಿಟ್ಟು ಅಳೆದಳು. ನೀರಿನಲ್ಲಿ ಕೈ ಸೊಟ್ಟಗೆ ಕಂಡಿತು. ಮೂರು ಸಲ ಅಳೆದರೆ ಮೂರು ಲೆಕ್ಕ ಬಂತು. ಮುದುಕಿ ಬಂಡೆಯ ಮೇಲೆ ಕೂತು ಅತ್ತಳು.

ಆಗ ಹೊಳೆ ಮಾತಾಡಿತು.

"ಅಳ್ಬೇಡ ಕಣವ್ವ. ಕೈ ಇಲ್ದೋನಿಗೆ ನಾನೇ ಕೈ. ನಾನು ಎಷ್ಟು ಚಾಚ್ತೀನೋ ಅಷ್ಟು ಬೆಳೀಲಿ."

ಹೊಳೆ ಮೆತ್ತನೆಯ ಕಲ್ಲುಗಳನ್ನು ಪಕ್ಕಕ್ಕೆ ತಳ್ಳಿತು. ತಳವನ್ನು ತೋಡಿ ತೋಡಿ, ಬಿಸಿಲು ಮುಟ್ಟದಷ್ಟು ಆಳದ ಮಡು ಮಾಡಿತು. ಮೀನು ಅದರೊಳಗೆ ಜಾರಿಕೊಂಡು, ಮೊದಲ ಸಲ ನೆಟ್ಟಗೆ ಬಾಲ ಬೀಸಿತು.

ಮುದುಕಿ ಕಣ್ಣೊರೆಸಿಕೊಂಡು ಕೇಳಿದಳು. "ಒಂದಿನ ನೀನೇ ಕೈ ಮುದುರ್ಕೊಂಡ್ರೆ?"

ಹೊಳೆ ಮುಂದಕ್ಕೆ ಹರಿಯಿತು.

ಅದಕ್ಕೇ ಬಿಳಿಮೀನು ಇವತ್ತಿಗೂ ಬದುಕಿರುವಷ್ಟು ದಿನವೂ ಬೆಳೆಯುತ್ತದೆ, ಆಳದ ಮಡುವಿನಲ್ಲಿ ಆಳುದ್ದ ಬೆಳೆಯುತ್ತದೆ. ಎಷ್ಟು ದೊಡ್ಡದು ಎಂದು ಮೀನು ಹಿಡಿಯುವವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ, ಪಾಪ, ಅವರು ಅಳೆಯುವುದು ಅವರವರ ಕೈಯಲ್ಲಿ. ಸೇತುವೆಯಿಂದ ಬಗ್ಗಿ ನೋಡಿದಾಗ ಮಂಡಿಯಾಳದ ನೀರಿನಲ್ಲಿ ನಿನಗೆ ಬೆರಳುದ್ದದ ಮೀನುಗಳಷ್ಟೇ ಕಂಡರೆ, ಮಗೂ, ಅವು ತಮಗೆ ಸಿಕ್ಕಿದ ಹೊಳೆಯ ಕೈಯಷ್ಟೇ ಬೆಳೆದಿವೆ.