ಬಾಲಗಳು ಆರಿಸಿದ ಹಾಡು

ಮಕ್ಕಳೇ, ಇವತ್ತು ಬೆಳಿಗ್ಗೆಯಿಂದ ನಮ್ಮ ಮನೆಯ ರೇಡಿಯೋದಲ್ಲಿ ಒಂದೇ ಹಾಡು ಬರುತ್ತಿತ್ತು. ಸ್ಟೇಷನ್ ಬದಲಿಸಿದೆ, ಅಲ್ಲೂ ಅದೇ. ಇನ್ನೊಂದಕ್ಕೆ ತಿರುಗಿಸಿದೆ, ಅಲ್ಲಿ ಅದೇ ಹಾಡಿನ ಕೊನೆಯ ಸಾಲು ಮುಗಿಯುತ್ತಿತ್ತು. ಸಾಕಾಗಿ ಆರಿಸಿಬಿಟ್ಟೆ. ಬನ್ನಿ, ಕೂತುಕೊಳ್ಳಿ, ನೆಲ್ಲಿಬಾರೆ ಕಾಡಿನ ಕತೆ ಹೇಳುತ್ತೇನೆ. ನಗು ಬಂದ ಕಡೆ ನೀವು ನಗಿ. ನನಗೆ ಈ ಕತೆಯಲ್ಲಿ ನಗು ಬರುವುದು ನಿಂತು ಬಹಳ ಕಾಲವಾಯಿತು.

ನೆಲ್ಲಿಬಾರೆ ದೊಡ್ಡ ಕಾಡು. ಅಲ್ಲಿ ಗುಡ್ಡಕ್ಕೊಂದು ಹಾಡುಮರ ಇತ್ತು. ಹಾಡುಮರ ಅಂದರೆ ಆ ಗುಡ್ಡದಲ್ಲೇ ಎತ್ತರದ ಮರ. ಅದರ ತುದಿಯಲ್ಲಿ ಕೂತು ಹಾಡಿದರೆ ಗುಡ್ಡಕ್ಕೆಲ್ಲ ಕೇಳಿಸುತ್ತಿತ್ತು. ಒಂದೊಂದು ಮರಕ್ಕೂ ಒಂದೊಂದು ಕಾವಲುಹಕ್ಕಿ. ಬೆಳಗಾಗುತ್ತಲೇ ಯಾರ ಹತ್ತಿರ ಯಾವ ಹಾಡು ಇದೆ ಅಂತ ವಿಚಾರಿಸಿ, ಒಬ್ಬೊಬ್ಬರನ್ನೇ ತುದಿಗೆ ಹತ್ತಿಸಿ ಹಾಡಿಸುವುದು ಅದರ ಕೆಲಸ.

ಅದರಲ್ಲೊಂದು ಪದ್ಧತಿ ಇತ್ತು. ದಿನದ ಮೊದಲ ಹಾಡು ಆ ಗುಡ್ಡದಲ್ಲಿ ಯಾರೂ ಕೇಳಿರದ ಹಾಡಾಗಿರಬೇಕು. ಚೆನ್ನಾಗಿದ್ದರೂ ಸರಿ, ಚೆನ್ನಾಗಿಲ್ಲದಿದ್ದರೂ ಸರಿ, ಮುಗಿಯುವ ತನಕ ಎಲ್ಲರೂ ಸುಮ್ಮನೆ ಕೇಳಬೇಕು. ಬೈಯುವವರು ಆಮೇಲೆ ಬೈಯಬಹುದು. ಒಮ್ಮೆ ಒಂದು ಕಾಡುಹಂದಿ ಮರ ಹತ್ತಲಾಗದೆ ಬುಡದಲ್ಲೇ ನಿಂತು ಹಾಡಿತ್ತು. ಅದನ್ನೂ ಕೇಳಿದ್ದರು, ಮಾರನೆಯ ದಿನದವರೆಗೆ ಬೈದಿದ್ದರು.

ಮಡುವಿನ ಪಕ್ಕದ ಮತ್ತಿಮರದ ಕಾವಲುಹಕ್ಕಿಯ ಹೆಸರು ಚೆನ್ನಕ್ಕ. ಅವಳು ಪಿಕಳಾರ ಹಕ್ಕಿ, ತಲೆಯ ಮೇಲೆ ಪುಟ್ಟ ಜುಟ್ಟು. ವಯಸ್ಸಾಗಿತ್ತು. ದಿನಾ ಬೆಳಿಗ್ಗೆ ಹೊಸ ಹಾಡು ಹುಡುಕಿ ತರುವುದೆಂದರೆ ಹುಡುಗಾಟವಲ್ಲ. ಗುಡ್ಡ ಸುತ್ತಬೇಕು, ನಾಚಿಕೊಳ್ಳುವವರನ್ನು ಪುಸಲಾಯಿಸಬೇಕು, ನಾಚಿಕೆಯೇ ಇಲ್ಲದವರನ್ನು ತಡೆಯಬೇಕು. ಚೆನ್ನಕ್ಕನಿಗೆ ರೆಕ್ಕೆ ಬಿದ್ದುಹೋಗುವಷ್ಟು ದಣಿವಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಬಂದವನು ಭರಮಣ್ಣ. ಅವನು ಮುಸುವ, ಕಪ್ಪು ಮೋರೆಯ ಕೋತಿ, ಆ ಕಾಡಿನಲ್ಲೇ ಉದ್ದನೆಯ ಬಾಲದವನು. ಬಾಲವನ್ನು ಹೆಗಲ ಮೇಲೆ ಶಲ್ಯದ ಹಾಗೆ ಹಾಕಿಕೊಂಡು ಓಡಾಡುತ್ತಿದ್ದ.

"ಅಕ್ಕಾ, ಈ ವಯಸ್ಸಲ್ಲಿ ಯಾಕೆ ಇಷ್ಟು ಒದ್ದಾಡ್ತೀಯ? ಮರ ನನಗೆ ಬಿಟ್ಟುಕೊಡು. ಹಣ್ಣು ಹಂಪಲು ನಾನು ಕಳಿಸ್ತೀನಿ. ನೀನು ಹಾಯಾಗಿ ಪೊದೇಲಿ ಕೂತ್ಕೊ."

"ಹಾಡಿಸೋರು ಯಾರು?"

"ನಾನೇ ಹಾಡಿಸ್ತೀನಿ. ನಡುಗುಡ್ಡದ ಬಸರಿಮರ ಈಗ ನನ್ನದೇ. ಬೂರುಗದ ಮರಾನೂ ಬಂತು. ಕಣಿವೆಯ ತಾರೆಮರದವಳು ನಿನ್ನೆ ಒಪ್ಪಿದಳು. ನೀನೊಬ್ಬಳೇ ಉಳಿದಿರೋದು."

"ಅವರೆಲ್ಲ ಒಪ್ಪಿದರಾ?"

"ಒಪ್ಪದೆ ಏನು ಮಾಡ್ತಾರೆ? ಎಲ್ಲರಿಗೂ ಸುಸ್ತಾಗಿದೆಯಲ್ಲ!"

ಚೆನ್ನಕ್ಕ ಮರ ಬಿಟ್ಟುಕೊಟ್ಟಳು. ಅವಳನ್ನು ಬೈಯಬೇಡಿ ಮಕ್ಕಳೇ. ದಣಿದವರ ಬಾಯಲ್ಲಿ 'ಆಗಲಿ' ಅನ್ನುವ ಮಾತು ಬಹಳ ಬೇಗ ಬರುತ್ತದೆ, ನನಗೆ ಗೊತ್ತು.

ಭರಮಣ್ಣನ ಏರ್ಪಾಡು ಸುಲಭವಾಗಿತ್ತು. ನಡುಗುಡ್ಡದ ಬಸರಿಮರದಲ್ಲಿ ಕೆಲವು ಹಕ್ಕಿಗಳು ಹಾಡುವುದು. ಉಳಿದ ಮರಗಳಲ್ಲಿ ಒಂದೊಂದು ಮೈನಾ ಕೂತು, ಅಲ್ಲಿಂದ ಕೇಳಿಸಿದ್ದನ್ನು ಇದ್ದ ಹಾಗೇ ಒಪ್ಪಿಸುವುದು. ಮೈನಾಗಳಿಗೆ ಅದೇನೂ ಕಷ್ಟವಲ್ಲ. ಹೀಗೆ ಎಲ್ಲ ಗುಡ್ಡಗಳಲ್ಲೂ ಒಂದೇ ಹೊತ್ತಿಗೆ ಒಂದೇ ಹಾಡು ಕೇಳಿಸತೊಡಗಿತು. ಮೊದಮೊದಲು ಎಲ್ಲರಿಗೂ ಅದೊಂದು ಸೋಜಿಗ.

ಆದರೆ ಯಾವ ಹಾಡು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಭರಮಣ್ಣನಿಗೆ ಹಾಡಿನ ಗಂಧಗಾಳಿ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ಬಾಲ ಒಂದೇ.

"ಹಾಡು ಹಿಡಿಸಿದರೆ ಬಾಲ ತಾನಾಗಿ ಅಲ್ಲಾಡತ್ತೆ. ಯಾವ ಹಾಡಿಗೆ ಹೆಚ್ಚು ಬಾಲ ಅಲ್ಲಾಡತ್ತೋ ಅದನ್ನ ಇಟ್ಕೋಬೇಕು. ಮಿಕ್ಕಿದ್ದನ್ನ ಬಿಡಬೇಕು," ಅಂತ ತೀರ್ಮಾನ ಮಾಡಿದ.

ಬಸರಿಮರದ ಕೆಳಗೆ ಒಂದು ಕೆಸರಿನ ಹೊಂಡವಿತ್ತು. ಬಿಸಿಲೇರಿದ ಮೇಲೆ ಕಾಡೆಮ್ಮೆಗಳ ಹಿಂಡು ಬಂದು ಅದರಲ್ಲಿ ನಿಲ್ಲುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ನೊಣಗಳೂ ಬರುತ್ತಿದ್ದವು. ಮುತ್ತಿಕೊಂಡ ನೊಣ ಓಡಿಸಲು ಕಾಡೆಮ್ಮೆಗಳು ಪಟಪಟ ಬಾಲ ಬೀಸುತ್ತಿದ್ದವು. ಆಗ ಮರದ ಮೇಲೆ ಹಾಡುವ ಸರದಿ ಕೋಗಿಲೆಯದು.

"ನೋಡಿದ್ರಾ! ಕೋಗಿಲೆ ಬಾಯಿ ತೆಗೆದರೆ ಸಾಕು, ಇಡೀ ಹಿಂಡು ಕುಣಿಯತ್ತೆ!" ಅಂದ ಭರಮಣ್ಣ.

ಬೆಳಗಿನ ತಂಪಿನಲ್ಲಿ ಬೇರೆ ಹಕ್ಕಿಗಳು ಹಾಡುವ ಹೊತ್ತಿಗೆ ಮರದ ಕೆಳಗೆ ಬಾಲಗಳೂ ಇರಲಿಲ್ಲ, ನೊಣಗಳೂ ಇರಲಿಲ್ಲ. ಆ ಹಕ್ಕಿಗಳನ್ನು ಒಂದೊಂದಾಗಿ ಮರದಿಂದ ಇಳಿಸಿದ. ಮಡುವಿನ ಕಪ್ಪೆಗಳು ಬಂದು, "ನಮಗೆ ಟುವ್ವಿ ಹಕ್ಕಿಯ ಹಾಡು ಇಷ್ಟವಾಗಿತ್ತು," ಅಂದವು. ಭರಮಣ್ಣ ಅವುಗಳ ಹಿಂಭಾಗವನ್ನು ಬಗ್ಗಿ ನೋಡಿದ.

"ನಿಮಗೆ ಬಾಲ ಎಲ್ಲಿದೆ?"

ಕಪ್ಪೆಗಳು ಒಂದರ ಹಿಂಭಾಗವನ್ನು ಇನ್ನೊಂದು ನೋಡಿಕೊಂಡವು. ಒಂದೊಂದಾಗಿ ನೀರಿಗೆ ಹಾರಿಕೊಂಡವು.

ಕೊನೆಗೆ ಉಳಿದದ್ದು ಕೋಗಿಲೆಯ ಒಂದು ಹಾಡು. ಕೆಟ್ಟ ಹಾಡೇನಲ್ಲ. ಆದರೆ ಬೆಳಿಗ್ಗೆ ಅದು, ಮಧ್ಯಾಹ್ನ ಅದು, ಸಂಜೆಗೂ ಅದು. "ನಿನಗೆ ಆ ಹಾಡು ಇಷ್ಟವಾ?" ಅಂತ ಒಮ್ಮೆ ಚೆನ್ನಕ್ಕ ಜಿಂಕೆಯನ್ನು ಕೇಳಿದಳು.

"ಗೊತ್ತಿಲ್ಲ ಅಕ್ಕಾ," ಅಂದಿತು ಜಿಂಕೆ. "ಹುಲ್ಲು ಮೇಯುವಾಗ ಬಾಯಿಗೆ ಬರುತ್ತೆ. ನೀರು ಕುಡಿಯುವಾಗಲೂ ಬರುತ್ತೆ. ಬೇಡ ಅಂದರೂ ಬರುತ್ತೆ."

ಆ ಬೇಸಿಗೆಯ ಮೊದಲಲ್ಲಿ ನಂಜುಂಡ ಬಂದ. ಅವನು ಮಡಿವಾಳ ಹಕ್ಕಿ, ಕಪ್ಪು ಮೈ, ಬಿಳಿ ಹೊಟ್ಟೆ, ಸೆಟೆದು ನಿಂತ ಬಾಲ. ಮಡಿವಾಳ ಹಕ್ಕಿಗಳಲ್ಲಿ ಗಂಡು ಹಾಡಬೇಕು, ದೂರದಲ್ಲಿ ಹಾರಿಹೋಗುವ ಹೆಣ್ಣು ಅದನ್ನು ಕೇಳಿ ಗುರುತು ಹಿಡಿದು ಬರಬೇಕು. ಆಮೇಲೆ ಗೂಡು, ಮೊಟ್ಟೆ, ಸಂಸಾರ. ಹಾಡು ಕೇಳಿಸದಿದ್ದರೆ ಏನೂ ಇಲ್ಲ. ಪೊದೆಯಲ್ಲಿ ಕೂತು ಹಾಡಿದರೆ ಪೊದೆಗಷ್ಟೇ ಕೇಳಿಸುತ್ತದೆ. ಅದಕ್ಕೇ ಅವನು ಮತ್ತಿಮರ ಹುಡುಕಿಕೊಂಡು ಬಂದಿದ್ದ.

"ಅಕ್ಕಾ, ಇಲ್ಲಿ ಮೊದಲ ಹಾಡಿಗೆ ಹೊಸಬರನ್ನ ಹತ್ತಿಸ್ತೀರಂತೆ?"

"ಹತ್ತಿಸ್ತಿದ್ದೆ ಕಣೋ. ಈಗ ಮರ ನನ್ನದಲ್ಲ," ಅಂದಳು ಚೆನ್ನಕ್ಕ. "ಹಾಡು ನೋಡೋಣ."

ನಂಜುಂಡ ಅಲ್ಲೇ ಪೊದೆಯಲ್ಲಿ ಸಣ್ಣ ದನಿಯಲ್ಲಿ ಹಾಡಿದ. ಚೆನ್ನಕ್ಕ ತಿನ್ನುತ್ತಿದ್ದ ಹಣ್ಣನ್ನು ಕೆಳಗಿಟ್ಟಳು. ಎಷ್ಟೋ ಕಾಲದ ಮೇಲೆ ಅವಳು ಒಂದು ಹಾಡಿನಲ್ಲಿ ಮುಂದೇನು ಬರುತ್ತದೆ ಅಂತ ಗೊತ್ತಿಲ್ಲದೆ ಕೇಳಿದ್ದಳು. ಅವಳಿಗೆ ಅಳು ಬಂತು, ಮರ ಬಿಟ್ಟುಕೊಟ್ಟ ತನ್ನ ಮೇಲೆ ಸಿಟ್ಟೂ ಬಂತು.

"ನಡಿ, ಭರಮಣ್ಣನ ಹತ್ತಿರ ಹೋಗೋಣ," ಅಂದಳು.

ಭರಮಣ್ಣ ಬಸರಿಮರದಲ್ಲಿ ಬಾಲ ಬಾಚಿಕೊಳ್ಳುತ್ತಾ ಕೂತಿದ್ದ.

"ಹೊಸ ಹಾಡಾ? ಆಗಲಿ. ಎಷ್ಟು ಬಾಲ ಅಲ್ಲಾಡಿವೆ ಇದಕ್ಕೆ?"

"ಇನ್ನೂ ಯಾರೂ ಕೇಳಿಲ್ಲ ಅಣ್ಣಾ," ಅಂದ ನಂಜುಂಡ.

"ಬಾಲ ಅಲ್ಲಾಡದ ಹಾಡನ್ನ ಮರದ ಮೇಲೆ ಹೇಗೆ ಹಾಡಿಸೋದು?"

"ಮರದ ಮೇಲೆ ಹಾಡದ ಹಾಡಿಗೆ ಬಾಲ ಹೇಗೆ ಅಲ್ಲಾಡತ್ತೆ?" ಅಂದಳು ಚೆನ್ನಕ್ಕ.

"ಅದು ನಿಮ್ಮ ತಾಪತ್ರಯ. ಅದಕ್ಕೆ ನಾನೇನು ಮಾಡಲಿ?"

"ನನ್ನ ಬಾಲ ಅಲ್ಲಾಡಿತು. ನಾನು ಕೇಳಿದ್ದೀನಿ."

"ನಿನ್ನದೂ ಒಂದು ಬಾಲವೇನಕ್ಕಾ? ಕಾಡೆಮ್ಮೆಯ ಬಾಲ ನೋಡಿದ್ದೀಯಾ?" ಅಂತ ಭರಮಣ್ಣ ನಕ್ಕ. ಆಮೇಲೆ ನಂಜುಂಡನ ಕಡೆ ತಿರುಗಿ ದನಿ ಇಳಿಸಿದ. "ನೋಡಪ್ಪ, ನಿನ್ನ ಗಂಟಲು ಚೆನ್ನಾಗಿದೆ. ಮತ್ತಿಮರದ ಮೈನಾ ಬಿಟ್ಟುಹೋಗಿದೆ. ಆ ಜಾಗಕ್ಕೆ ಬಾ. ಎಲೆಯ ಮರೆಯಲ್ಲಿ ಕೂತು ಕೋಗಿಲೆಯ ಹಾಡನ್ನ ಹಾಗೇ ಒಪ್ಪಿಸು. ಒಂದು ಸ್ವರ ಆಚೀಚೆ ಆದರೂ ಇಳಿಸಿಬಿಡ್ತೀನಿ."

ವಾಪಸು ಬರುವಾಗ ಚೆನ್ನಕ್ಕ ಹೇಳಿದಳು, "ಬೇಡ ಕಣೋ. ನಿನ್ನ ಹಾಡು ಬಿಟ್ಟು ಇನ್ನೊಬ್ಬರದನ್ನ ಯಾಕೆ ಹಾಡ್ತೀಯ?"

"ಮರ ಹತ್ತೋಕೆ ಬೇರೆ ದಾರಿ ಎಲ್ಲಿದೆ ಅಕ್ಕಾ? ಮೊದಲು ಹತ್ತಿ ಕೂತ್ಕೊಳ್ತೀನಿ. ಸಮಯ ನೋಡಿ ಒಂದು ದಿನ ನನ್ನ ಹಾಡನ್ನ ನುಸುಳಿಸಿಬಿಡ್ತೀನಿ."

ನಂಜುಂಡ ಮರ ಹತ್ತಿದ. ಮೊದಲ ದಿನ ಕೋಗಿಲೆಯ ಹಾಡನ್ನು ಸ್ವಲ್ಪವೂ ತಪ್ಪದೆ ಒಪ್ಪಿಸಿದ. ಬೆಳಗಿನ ಗಾಳಿಯಲ್ಲಿ ಅದು ಗುಡ್ಡವನ್ನೆಲ್ಲ ತುಂಬಿತು. ಚೆನ್ನಕ್ಕ ಪೊದೆಯಿಂದ ಕತ್ತೆತ್ತಿ ಕೇಳಿದಳು, "ಯಾವಾಗಲೋ ನಿನ್ನದು?"

"ನಾಳೆ ಅಕ್ಕಾ. ಇವತ್ತು ಭರಮಣ್ಣ ಈ ಕಡೆಯೇ ಓಡಾಡ್ತಿದ್ದಾನೆ."

ಮಾರನೆಯ ದಿನವೂ ನಾಳೆ. ಅದರ ಮಾರನೆಯ ದಿನವೂ ನಾಳೆ. ಅವನು ದಿನಾ ಉಸಿರೆಳೆದುಕೊಳ್ಳುತ್ತಿದ್ದ, ತನ್ನ ಹಾಡಿನ ಮೊದಲ ಸ್ವರ ಕೊಕ್ಕಿನ ತನಕ ಬರುತ್ತಿತ್ತು. ಮರದಿಂದ ಇಳಿಸಿದರೆ ಏನು ಗತಿ ಅನ್ನುವ ಭಯಕ್ಕೆ ಮತ್ತೆ ಕೋಗಿಲೆಯ ಹಾಡೇ ಹೊರಗೆ ಬರುತ್ತಿತ್ತು. ಬೇಸಿಗೆ ಹೋಯಿತು, ಮಳೆಯೂ ಬಂದು ಹೋಯಿತು. ಚೆನ್ನಕ್ಕ ಕೇಳುವುದನ್ನು ಬಿಟ್ಟಳು.

ಆಮೇಲೆ ಚಳಿ ಶುರುವಾಯಿತು. ಚಳಿಗೆ ನೊಣಗಳು ಕಾಣೆಯಾದವು. ಬಸರಿಮರದ ಕೆಳಗೆ ಬಾಲಗಳು ಜೋತುಬಿದ್ದವು.

ಭರಮಣ್ಣ ಮರದಿಂದ ಬಗ್ಗಿ ಬಗ್ಗಿ ನೋಡಿದ. ಕೋಗಿಲೆಯ ಹಾಡನ್ನು ಇನ್ನೂ ಜೋರಾಗಿ ಒಪ್ಪಿಸಲು ಎಲ್ಲ ಮರಗಳಿಗೂ ಹೇಳಿಕಳಿಸಿದ. ಒಂದು ಬಾಲವೂ ಅಲ್ಲಾಡಲಿಲ್ಲ. ಕೊನೆಗೆ ತಡೆಯಲಾರದೆ ಮರದಿಂದ ಇಳಿದು ಹಿರಿಯ ಕಾಡೆಮ್ಮೆಯ ಮುಂದೆ ನಿಂತ.

"ಗೌಡ್ರೇ, ಹಾಡು ಹಿಡಿಸ್ತಿಲ್ವಾ? ಬಾಲ ಯಾಕೆ ಅಲ್ಲಾಡಿಸ್ತಿಲ್ಲ?"

"ನೊಣ ಎಲ್ಲಿದೆಯಪ್ಪ ಈಗ, ಬಾಲ ಅಲ್ಲಾಡಿಸೋಕೆ?" ಅಂದಿತು ಕಾಡೆಮ್ಮೆ. "ಹಾಡು ಅಂದೆಯಾ? ಯಾವ ಹಾಡು?"

ಭರಮಣ್ಣ ಅಲ್ಲೇ ಕೆಸರಿನ ಅಂಚಿನಲ್ಲಿ ಕುಸಿದು ಕೂತ. ಪಾಪ ಅನ್ನಿಸುತ್ತದೆಯೇ? ನನಗೂ ಒಂದು ಗಳಿಗೆ ಅನ್ನಿಸಿತ್ತು. ಆಮೇಲೆ ಅವನು ಎದ್ದು ಚೆನ್ನಕ್ಕನ ಪೊದೆಗೆ ಓಡಿಬಂದ.

"ಅಕ್ಕಾ, ನಿನಗೆ ಗೊತ್ತಿದ್ದ ಹಾಡುಗಳಿದ್ದವಲ್ಲ, ಅವನ್ನೆಲ್ಲ ಕರೆಸು. ಬೇರೆ ಹಾಡು ಬೇಕು. ಈಗಲೇ ಬೇಕು!"

"ಯಾರನ್ನ ಕರೆಸಲಿ?" ಅಂದಳು ಚೆನ್ನಕ್ಕ. ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ಟುವ್ವಿ ಬೇರೆ ಕಾಡಿಗೆ ಹೋಯ್ತು. ತಾರೆಮರದವಳು ತೀರಿಕೊಂಡಳು, ಅವಳ ಹಾಡುಗಳೂ ಅವಳ ಜೊತೆ ಹೋದವು. ಇಲ್ಲಿರೋ ಮರಿಗಳು ಹುಟ್ಟಿದಾಗಿಂದ ಒಂದೇ ಹಾಡು ಕೇಳಿದಾವೆ, ಅದನ್ನೇ ಕಲಿತಿದಾವೆ. ಮೇಲೆ ಒಬ್ಬ ಕೂತಿದ್ದಾನಲ್ಲ, ಅವನ ಹತ್ತಿರ ಒಂದಿತ್ತು. ಇನ್ನೂ ಇದೆಯೋ ಇಲ್ಲವೋ ಕೇಳಿ ನೋಡು."

"ಏಯ್ ನಂಜುಂಡ! ನಿನ್ನ ಹಾಡು ಹಾಡಪ್ಪ! ನಾನೇ ಹೇಳ್ತಿದ್ದೀನಿ, ಹಾಡು!"

ನಂಜುಂಡ ಎಲೆಯ ಮರೆಯಿಂದ ಹೊರಬಂದು ತುದಿಕೊಂಬೆಯಲ್ಲಿ ಕೂತ. ಬಾಯಿ ತೆಗೆದರೆ ಕೋಗಿಲೆಯ ಹಾಡು ಬಂತು. ನಿಲ್ಲಿಸಿದ. ಮತ್ತೆ ತೆಗೆದ, ಮತ್ತೆ ಅದೇ. ಕಣ್ಣು ಮುಚ್ಚಿ ತನ್ನ ಹಾಡನ್ನು ಹುಡುಕಿದ. ಆಮೇಲೆ ಒಂದು ಸ್ವರ ಸಿಕ್ಕಿತು, ಅದರ ಹಿಂದೆ ಇನ್ನೊಂದು. ಮೆಲ್ಲಗೆ ಪೂರ್ತಿ ಹಾಡೇ ಬಂತು.

ಗುಡ್ಡವೆಲ್ಲ ಕೇಳಿತು. ಜಿಂಕೆ ಬಾಯಲ್ಲಿದ್ದ ಹುಲ್ಲನ್ನು ಅಗಿಯಲು ಮರೆಯಿತು. ಚೆನ್ನಕ್ಕ ಜುಟ್ಟು ನಿಮಿರಿಸಿ ಕೂತಳು.

ಮಡುವಿನ ಅಂಚಿನ ಕೆಸರು ಅಲುಗಾಡಿತು. ಚಳಿಗೆ ಒಳಗೆ ಹುದುಗಿದ್ದ ಕಪ್ಪೆ ಬೋರಜ್ಜ ತಲೆ ಹೊರಗೆ ಹಾಕಿದ.

"ಯಾರಪ್ಪ ಅದು ಹಾಡ್ತಿರೋದು?"

"ನಾನು ಅಜ್ಜಾ, ನಂಜುಂಡ. ಮಡಿವಾಳ ಹಕ್ಕಿ."

"ಹೊಸದಾಗಿ ಬಂದೆಯಾ?"

"ಇಲ್ಲ ಅಜ್ಜಾ. ಬೇಸಿಗೆಯಿಂದ ಇದೇ ಮರದಲ್ಲಿದ್ದೀನಿ."

ಬೋರಜ್ಜ ಕೆಸರಿನಿಂದ ಪೂರ್ತಿ ಹೊರಗೆ ಬಂದ.

"ಅಯ್ಯೋ ಮಗಾ," ಅಂದ. "ಮಳೆಗೆ ಮುಂಚೆ ಒಂದು ಹೆಣ್ಣುಹಕ್ಕಿ ಬಂದಿತ್ತು. ನಿನ್ನ ಥರದ್ದೇ, ಬಣ್ಣ ಸ್ವಲ್ಪ ಮಾಸಲು. ಈ ಮರದ ಕೆಳಗೊಂಬೆಯಲ್ಲೇ ದಿನವೆಲ್ಲ ಕೂತು ಕಿವಿಗೊಟ್ಟು ಕೇಳ್ತು. ಸಂಜೆ ನೀರು ಕುಡಿಯೋಕೆ ಇಳಿದಾಗ, 'ಅಜ್ಜಾ, ಈ ಗುಡ್ಡದಲ್ಲಿ ನಮ್ಮ ಹಕ್ಕಿ ಯಾರಾದರೂ ಇದ್ದಾರಾ?' ಅಂತ ನನ್ನ ಕೇಳ್ತು. ನನಗೆ ಮರದ ತುದಿ ಎಲ್ಲಿ ಕಾಣತ್ತೆ? ಮೇಲಿಂದ ಕೋಗಿಲೆಯ ಹಾಡೇ ಕೇಳಿಸ್ತಿತ್ತು. 'ಇಲ್ಲಮ್ಮ, ಇಲ್ಲಿ ನಿಮ್ಮವರು ಯಾರೂ ಇಲ್ಲ' ಅಂದೆ."

ನಂಜುಂಡನ ಸೆಟೆದ ಬಾಲ ಮೆಲ್ಲಗೆ ಕೆಳಗಿಳಿಯಿತು.

"ಯಾವ ಕಡೆ ಹೋಯ್ತು ಅಜ್ಜಾ?"

"ಆ ಕಡೆ. ಆದರೆ ಅದು ಹೋಗಿ ಒಂದು ಮಳೆಗಾಲವೇ ಕಳೀತಲ್ಲೋ."

ಭರಮಣ್ಣನಿಗೆ ಇದೊಂದೂ ತಲೆಗೆ ಹೋಗಿರಲಿಲ್ಲ. ಅವನು ಜಿಂಕೆಯ ಬಾಲವನ್ನೇ ನೋಡುತ್ತಿದ್ದ. "ಅಲ್ಲಾಡಿತು, ನಾನೇ ನೋಡಿದೆ!" ಅಂತ ಕುಣಿದ. "ನಂಜುಂಡಪ್ಪ, ನಾಳೆಯಿಂದ ನೀನು ಬಸರಿಮರಕ್ಕೆ ಬಾ. ಎಲ್ಲ ಮರಗಳಲ್ಲೂ ನಿನ್ನ ಹಾಡೇ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಇದೊಂದೇ!"

ನಂಜುಂಡ ಅವನ ಮುಖವನ್ನೂ ನೋಡಲಿಲ್ಲ. ಬೋರಜ್ಜ ತೋರಿಸಿದ ಕಡೆಗೆ ಹಾರಿಹೋದ. ಚೆನ್ನಕ್ಕ ಅವನನ್ನು ತಡೆಯಲಿಲ್ಲ. ಅವನು ಕಣ್ಣಿಗೆ ಕಾಣುವ ತನಕ ನೋಡಿ, ತಲೆ ರೆಕ್ಕೆಯೊಳಗೆ ಹುದುಗಿಸಿಕೊಂಡಳು. ಕೇಳಲು ಬಂದಿದ್ದ ಪ್ರಾಣಿಗಳು ಒಂದೊಂದಾಗಿ ಎದ್ದು ಹೋದವು. ತಮ್ಮ ಹಾಡು ಇನ್ನು ಬೇಡವೆಂದು ತಿಳಿದು ಕೋಗಿಲೆಯೂ ಮೈನಾಗಳೂ ಹಾರಿಹೋದವು.

"ಹೋಗಬೇಡಿ! ಮರಗಳೆಲ್ಲ ಖಾಲಿ ಇವೆ! ಯಾರಾದರೂ ಬನ್ನಿ, ಏನಾದರೂ ಹಾಡಿ!" ಅಂತ ಭರಮಣ್ಣ ಮರದಿಂದ ಮರಕ್ಕೆ ಹಾರುತ್ತಾ ಕೂಗಿದ. ಹಾಡುಮರಗಳೆಲ್ಲ ಅವನವೇ ಆಗಿದ್ದವು. ಯಾವ ಮರದಿಂದಲೂ ಯಾರೂ ಓಗೊಡಲಿಲ್ಲ.

ನೀತಿ: ಎಲ್ಲ ಕೊಂಬೆಗಳನ್ನೂ ಒಬ್ಬನ ಕೈಗೆ ಕೊಟ್ಟು ಹಾಯಾಗಿ ಕೂತರೆ, ನಾವು ಹುಡುಕುವ ಹಾಡು ನಮ್ಮ ತಲೆಯ ಮೇಲೇ ಇದ್ದರೂ ನಮಗೆ ಕೇಳಿಸುವುದಿಲ್ಲ.