ಪಂಕಜಮ್ಮನ ಹೆಸರಲ್ಲಿ ಶೀನಪ್ಪನ ಪ್ರದಕ್ಷಿಣೆ

ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳುವ ಮಾತಲ್ಲ. ಇದು ಇಲ್ಲೇ ಹೂತುಹೋಗಬೇಕು. ಇನ್ನೊಂದು ಕಿವಿಗೆ ಬಿದ್ದರೆ ನನ್ನಾಣೆ ನಿಮಗೆ.

ಕಪಿಲಾ ನದಿಯ ದಂಡೆಯ ಆಶ್ರಮದಲ್ಲಿ ಪಂಕಜಮ್ಮ ಅಂತ ಒಬ್ಬ ಶಿಷ್ಯೆ. ದಿನಾ ಸಂಜೆ ಪುರಾಣ ಓದುವವಳು. ಅವಳು ಬಾಯಿ ತೆರೆದರೆ ಹೊಳೆಯಾಚೆಯವರೂ ಕಿವಿಗೊಡಬೇಕು, ಅಂಥ ಕಂಠ. ಆ ಓದು ಬಿಟ್ಟರೆ ಅವಳಿಗೆ ಬೇರೆ ಪ್ರಪಂಚವಿಲ್ಲ.

ಒಂದು ದಿನ ಡಾಕ್ಟರು ಅವಳ ರಕ್ತ ನೋಡಿ ಹೇಳಿಬಿಟ್ಟರು: "ಸಕ್ಕರೆ ವಿಪರೀತ ಏರಿದೆ ಅಮ್ಮಾ. ಹೀಗೇ ಬಿಟ್ಟರೆ ಕಣ್ಣು ಹೋಗುತ್ತೆ. ಮಾತ್ರೆಯ ಜೊತೆಗೆ ಮೈಯೂ ದಣೀಬೇಕು."

ಪಂಕಜಮ್ಮ ಅಳುತ್ತಾ ಗುರುಗಳ ಹತ್ತಿರ ಹೋದಳು. ಗುರು ಅಂದರೆ ವಿಶಾಲಾತಾಯಿ. ಸನ್ಯಾಸಕ್ಕೆ ಮುಂಚೆ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳಿದವರು. ಅವರ ಕೋಣೆಗೂ ಇವಳ ಕೋಣೆಗೂ ನಡುವೆ ಒಂದೇ ಗೋಡೆ.

"ದಿನಾ ಬೆಳಿಗ್ಗೆ ಅರಳಿಕಟ್ಟೆಗೆ ನಲವತ್ತೆಂಟು ಸುತ್ತು. ಬಿರುಸಾಗಿ," ಅಂದರು ತಾಯಿ.

ಮೂರು ವಾರ ಕಳೆಯುವುದರಲ್ಲಿ ಆಶ್ರಮವೆಲ್ಲ ಗುಸುಗುಸು. ಪಂಕಜಮ್ಮ ಬೆಳ್ಳಂಬೆಳಿಗ್ಗೆ ಕಟ್ಟೆ ಮೇಲೆ ಕೂತಿರುತ್ತಾಳಂತೆ. ಹೂ ಕಟ್ಟುವ ಶೀನಪ್ಪ ಅವಳ ಸುತ್ತಲೇ ಸುತ್ತುತ್ತಿರುತ್ತಾನಂತೆ! ಅರವತ್ತು ದಾಟಿದ ಮೇಲೆ ಇದೆಂಥ ಕರ್ಮ!

ತಾಯಿ ಕರೆಸಿ ಕೇಳಿದರು. "ಏನೇ ಇದು, ಪಂಕಜ?"

"ಅಯ್ಯೋ, ತಪ್ಪು ತಿಳೀಬೇಡಿ ತಾಯಿ. ಸೇವೆ ಅವನ ಕೈಲಿ ಮಾಡಿಸ್ತಿದ್ದೀನಿ. ನನ್ನ ಹೆಸರು, ಗೋತ್ರ, ನಕ್ಷತ್ರ ಎಲ್ಲ ಹೇಳಿ, ಸಂಕಲ್ಪ ಮಾಡ್ಕೊಂಡೇ ಸುತ್ತುತ್ತಾನೆ. ಒಂದು ಸುತ್ತೂ ತಪ್ಪದ ಹಾಗೆ ನಾನು ಕೂತು ನೋಡ್ಕೋತೀನಿ."

ಶೀನಪ್ಪನಿಗೂ ಸಕ್ಕರೆ ಕಾಯಿಲೆಯಿತ್ತು. ತಾಯಿ ಅವತ್ತೇ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು.

ಪಂಕಜಮ್ಮನದು ಇನ್ನಷ್ಟು ಏರಿತ್ತು. ಶೀನಪ್ಪನದು ಇಳಿದಿತ್ತು, ಪಂಚೆಯೂ ಸಡಿಲವಾಗಿತ್ತು.

"ಪಾಪಿ! ನಕ್ಷತ್ರ ತಪ್ಪು ಹೇಳಿ ನನ್ನ ಫಲವನ್ನೆಲ್ಲ ತಾನೇ ನುಂಗಿದ್ದಾನೆ!"

ತಾಯಿ ಅವಳ ತೊಡೆಯ ಮೇಲೆ ಕೈಯಿಟ್ಟರು. "ಈ ಮಾಂಸಖಂಡದ ಒಳಗೆ ಮೈಟೊಕಾಂಡ್ರಿಯಾ ಅಂತ ಪುಟ್ಟಪುಟ್ಟ ಒಲೆಗಳಿವೆ. ಕಾಲು ದುಡಿದರೆ ಅವು ಪೆಪ್ಟೈಡ್ ಅನ್ನೋ ಪ್ರೋಟೀನ್ ಚೂರುಗಳನ್ನ ಹೊರಡಿಸ್ತವೆ. ಆ ಚೂರುಗಳು, ರಕ್ತದಲ್ಲಿ ಬಿದ್ದಿರೋ ಸಕ್ಕರೇನ ಒಳಗೆ ಕರ್ಕೊಳ್ಳಿ ಅಂತ ಮೈಗೆಲ್ಲ ಸಾರಿ ಬರ್ತವೆ."

"ಶೀನಪ್ಪನ ಒಲೆಗಳು ಹೊರಡಿಸಿದ್ದು ನನಗೆ ಬರಲ್ವಾ? ನನ್ನ ಗೋತ್ರ ಹೇಳಿದ್ನಲ್ಲ!"



ಮಧ್ಯಾಹ್ನ ಪಂಕ್ತಿಯಲ್ಲಿ ಪಂಕಜಮ್ಮನ ಎಲೆಯ ಮುಂದೆ ತಾಯಿಯೇ ಹೋಗಿ ಕೂತರು. ಅವಳ ಗೋತ್ರ, ನಕ್ಷತ್ರ ಗಟ್ಟಿಯಾಗಿ ಹೇಳಿದರು. ಕೋಸಂಬರಿ, ಹುಳಿ, ಮಜ್ಜಿಗೆ ಎಲ್ಲ ಮುಗಿಸಿ, ಎಲೆ ಮಡಿಸಿ ಎದ್ದರು.

"ತಾಯಿ... ನಾನು?"

"ನಿನ್ನ ಹೆಸರಲ್ಲೇ ಉಂಡಿದ್ದು. ಎಲ್ಲಿ, ತೇಗು."

ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ಶೀನಪ್ಪನಿಗೆ ಮಜ್ಜಿಗೆ ಮೂಗಿಗೇರಿತು. ತಾಯಿಯೇ ಬೇರೆ ಎಲೆ ಹಾಕಿಸಿ ಅವಳಿಗೆ ಬಡಿಸಿದರು.

ಮರುದಿನ ಪಂಕಜಮ್ಮ ಸೆರಗು ಬಿಗಿದು ತಾನೇ ಕಟ್ಟೆಗೆ ಇಳಿದಳು. ಮೊದಲ ದಿನ ಆರೇ ಸುತ್ತು, ಸುತ್ತಿಗೊಂದು ಶಾಪ ಶೀನಪ್ಪನಿಗೆ. ಆಮೇಲೆ ಹನ್ನೆರಡು. ಆಮೇಲೆ ನಲವತ್ತೆಂಟು.

ಮೂರು ತಿಂಗಳಿಗೆ ಡಾಕ್ಟರು ಹೇಳಿದರು, "ಸಕ್ಕರೆ ಹತೋಟಿಗೆ ಬಂದಿದೆ. ಕಣ್ಣಿಗೆ ಸದ್ಯ ಏನೂ ಭಯವಿಲ್ಲ."

ಅವತ್ತು ಸಂಜೆ ಪಂಕಜಮ್ಮ ಪುರಾಣ ಓದಿದ್ದು ಹೇಗಂತೀರಿ, ಹೊಳೆಯೇ ನಿಂತು ಕೇಳಬೇಕು!

ಓದು ಮುಗಿಸಿ ಕುಣಿಯುತ್ತಾ ಬಂದವಳು ತಾಯಿಯ ಬಾಗಿಲು ತಟ್ಟಿದಳು.

"ತಾಯಿ, ಒಳಗಿನ ಒಲೆಗಳಿಗೆ ಈಗ ಅಭ್ಯಾಸ ಆಗಿಹೋಗಿದೆ. ಇನ್ನು ಸುತ್ತೋದು ನಿಲ್ಲಿಸಲಾ?"

ತಾಯಿ ಹೊಸಿಲ ಮೇಲೆ ನಿಂತು ಅವಳ ಮುಖಕ್ಕೇ ಹೇಳಿದರು:

"ನಿನ್ನೆಯೆಲ್ಲ ಉಸಿರಾಡಿದ್ದೀಯಲ್ಲ ಪಂಕಜ, ಇವತ್ತೊಂದು ದಿನ ಉಸಿರಿಗೂ ರಜೆ ಕೊಡು."