ಚಕ್ರದ ಕೆಳಗಿನ ನಿಂಬೆಹಣ್ಣು

ಸಹಕಾರ ಸಂಘದ ಮ್ಯಾನೇಜರ್ ಪುಟ್ಟರುದ್ರಯ್ಯನವರ ಬೈಕಿನ ಇಂಜಿನ್ ಕೆಟ್ಟು ಕೂತಿತು. ರಿಪೇರಿ ಮಾಡಿಸೋದಕ್ಕಿಂತ ಹೊಸದು ತಗೊಳ್ಳೋದೇ ವಾಸಿ ಎಂದ ಮೆಕ್ಯಾನಿಕ್. ಹೊಸದಕ್ಕೆ ದುಡ್ಡು ಬೇಕಲ್ಲ? ಸಾಹೇಬರ ಕಣ್ಣು ಆಫೀಸಿನ ಜವಾನನ ಮೇಲೆ ಬಿತ್ತು.

"ನನ್ನ ಗಾಡಿ ನೀನೇ ತಗೊಳಯ್ಯಾ. ಅರ್ಧ ಕಿಕ್ಕಿಗೆ ಸ್ಟಾರ್ಟ್ ಆಗುತ್ತೆ, ಕುದುರೆ ಇದ್ದ ಹಾಗಿದೆ. ದುಡ್ಡು ಸಂಬಳದಲ್ಲಿ ಹಿಡ್ಕೋತೀನಿ. ಬೇಡ ಅಂದ್ಯೋ, ಗೊಬ್ಬರದ ಗೋದಾಮಿಗೆ ಹಾಕ್ತೀನಿ. ಹೆಗ್ಗಣ ಕಾಯ್ಕೊಂಡು ಬಿದ್ದಿರು."

ಜವಾನ ಕೈ ಮುಗಿದ. "ನನ್ನ ಪುಣ್ಯ ಸಾರ್. ನಾಳೆ ಹೇಗೂ ಆಯುಧಪೂಜೆ. ತಾವೇ ನಿಂಬೆಹಣ್ಣಿನ ಮೇಲೆ ಹತ್ತಿಸಿ ನನ್ನ ಕೈಗೆ ಕೊಟ್ಬಿಡಿ."

ದುಡ್ಡಿನ ಗುಂಗಿನಲ್ಲಿ ಸಾಹೇಬರು ಹೂಂ ಅಂದುಬಿಟ್ಟರು.

ಮರುದಿನ ಬಂದು ನೋಡಿದರೆ ಬೈಕಿಗೆ ಚೆಂಡುಹೂವಿನ ಹಾರ, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು, ಸುತ್ತಲೂ ಸಂಘದ ಸದಸ್ಯರು. ಜವಾನ ಎಲ್ಲರಿಗೂ ಹೇಳಿ ಕರೆಸಿದ್ದ. ಇನ್ನು ತಪ್ಪಿಸಿಕೊಳ್ಳೋದೆಲ್ಲಿಗೆ? ಸಾಹೇಬರು ರೇಷ್ಮೆ ಪಂಚೆ ಎತ್ತಿ ಕಟ್ಟಿ ಒದ್ದರು. ಮತ್ತೆ ಒದ್ದರು. ಹಾರ ಅಲ್ಲಾಡಿತು, ಹೊಟ್ಟೆ ಅಲ್ಲಾಡಿತು, ಗಾಡಿ ಮಾತ್ರ ಉಸಿರೆತ್ತಲಿಲ್ಲ. ಒಬ್ಬರು ತಳ್ಳಲು ಬಂದರು.

"ಮುಟ್ಬೇಡಿ!" ಎಂದು ಜವಾನ ತಡೆದ. "ಅರ್ಧ ಕಿಕ್ಕಿನ ಗಾಡಿ ಅಂತ ಸಾಹೇಬರೇ ಹೇಳಿದ್ದಾರೆ. ಪೂರ್ತಿ ಒದ್ದದ್ದಕ್ಕೆ ಕೋಪ ಬಂದಿರಬೇಕು."

ಜನ ಬಿದ್ದು ಬಿದ್ದು ನಕ್ಕರು. ಸಾಹೇಬರು ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆ ಕುಸಿದು ಕೂತರು. "ಹಾಳಾದ್ದನ್ನ ಗುಜರಿಗೆ ಹಾಕ್ರೋ!"

ಜವಾನ ಬಗ್ಗಿ, ಚಕ್ರದ ಕೆಳಗಿಂದ ನಿಂಬೆಹಣ್ಣು ತೆಗೆದು ಒರೆಸಿದ.

"ಹಣ್ಣಿಗೆ ಏನೂ ಆಗಿಲ್ಲ ಸಾರ್. ತಮಗೆ ಶರಬತ್ತು ಮಾಡ್ಕೊಂಡು ಬರ್ಲಾ?"